ಫೋನ್ ಬಿಡದೆಯೂ ಉದ್ದ ಓದಿಗೆ ಮರಳುವುದು ಹೇಗೆ: ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಒಂದು ಸಮಗ್ರ ಮಾರ್ಗದರ್ಶಿ

ವಾರಪತ್ರಿಕೆಯ ಧಾರಾವಾಹಿಯನ್ನು ಕೂತಲ್ಲೇ ಓದಿ ಮುಗಿಸುತ್ತಿದ್ದವರು ಈಗ ಎರಡು ಪುಟ ಮುಗಿಯುವಷ್ಟರಲ್ಲಿ ಫೋನ್ ಹುಡುಕುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕುಮಟಾ, ಕಾರವಾರ, ಎಲ್ಲಿ ಈ ಮಾತು ತೆಗೆದರೂ ಓದುವ ರುಚಿ ಇದ್ದವರೇ ಹೇಳುತ್ತಾರೆ: "ಓದ್ಬೇಕು ಅಂತ ಆಸೆ ಇದೆ, ಆದ್ರೆ ಕೂರೋಕೆ ಆಗಲ್ಲ." ವಯಸ್ಸಾಯಿತು ಎನ್ನುತ್ತಾರೆ. ಸೋಮಾರಿಯಾದೆ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಪಿಯುಸಿ ಓದುವ ಮಕ್ಕಳೂ ಇದನ್ನೇ ಹೇಳುವಾಗ ವಯಸ್ಸಿನ ಕಾರಣ ನಿಲ್ಲುವುದಿಲ್ಲ, ಅಲ್ವಾ?

ಮಾತು ನಮಗೆ ಹುಟ್ಟಿನಿಂದ ಒಲಿಯುತ್ತದೆ. ಮನೆಯಲ್ಲಿ ಆಡುವುದನ್ನು ಕೇಳುತ್ತಲೇ ಮಗು ಕಲಿಯುತ್ತದೆ. ಓದು ಹಾಗಲ್ಲ. ಬರಹ ಹುಟ್ಟಿ ಸುಮಾರು 5,000 ವರ್ಷಗಳಷ್ಟೇ ಆಗಿವೆ. ಮಿದುಳಿನಲ್ಲಿ ಓದಿಗೆಂದೇ ಹುಟ್ಟಿನಿಂದ ಬಂದ ಜಾಗ ಇಲ್ಲ. ನೋಡುವ, ಕೇಳುವ, ಮಾತಾಡುವ ಭಾಗಗಳನ್ನು ಒಂದಕ್ಕೊಂದು ಜೋಡಿಸಿ ಪ್ರತಿಯೊಬ್ಬರೂ ಈ ಕೆಲಸವನ್ನು ಹೊಸದಾಗಿ ಕಲಿಯಬೇಕು. ಕಲಿತದ್ದು ಬಳಸಿದಷ್ಟು ಗಟ್ಟಿಯಾಗುತ್ತದೆ, ಬಿಟ್ಟರೆ ಸಡಿಲವಾಗುತ್ತದೆ. ಫೋನಿನಲ್ಲಿ ನಾವು ದಿನವಿಡೀ ಅಕ್ಷರ ನೋಡುತ್ತೇವೆ, ಆದರೆ ಅಲ್ಲಿ ಗಟ್ಟಿಯಾಗುವುದು ಹಾರಿಸಿ ಹಾರಿಸಿ ನೋಡುವ ಅಭ್ಯಾಸ. ಒಂದು ವಾಕ್ಯವನ್ನು ಹಿಂದಿನ ಪುಟದ ವಾಕ್ಯಕ್ಕೆ ಜೋಡಿಸುವುದು, "ಇದು ಹೌದಾ?" ಎಂದು ನಿಂತು ಕೇಳಿಕೊಳ್ಳುವುದು, ಈ ಅಭ್ಯಾಸ ತಪ್ಪಿಹೋಗಿದೆ. ಅಭ್ಯಾಸದಿಂದ ಹೋದದ್ದನ್ನು ಅಭ್ಯಾಸದಿಂದಲೇ ತರಬಹುದು. ಈ ಬರಹದ ಭರವಸೆ ಅಷ್ಟೇ.

ಫೋನ್ ಎಸೆಯಿರಿ ಎಂದು ನಾನು ಹೇಳುವುದಿಲ್ಲ. ಅಡಿಕೆ ಧಾರಣೆ, ಕಡಲಿನ ಹವಾಮಾನ, ಬೆಂಗಳೂರಿನಲ್ಲಿರುವ ಮಕ್ಕಳ ಮುಖ, ಎಲ್ಲವೂ ಅದರಲ್ಲೇ ಬರುತ್ತವೆ. ಯಾವ ಕೆಲಸ ಫೋನಿಗೆ, ಯಾವ ಕೆಲಸ ತಲೆಗೆ ಎಂದು ನಾವೇ ಹಂಚಿಕೊಳ್ಳಬೇಕು. ಈಗ ಆ ಹಂಚಿಕೆಯನ್ನು ಫೋನೇ ಮಾಡುತ್ತಿದೆ.

ಹೆಜ್ಜೆ 1: ಈಗ ಎಲ್ಲಿದ್ದೀರಿ, ನೋಡಿಕೊಳ್ಳಿ

ಮೊದಲ ವಾರ ಏನನ್ನೂ ಬದಲಿಸಬೇಡಿ. ನಾಲ್ಕೈದು ಪುಟದ ಒಂದು ಲೇಖನವನ್ನು ಕಾಗದದಲ್ಲಿ ಓದಿ. ಕೈಯಲ್ಲಿ ಪೆನ್ಸಿಲ್ ಇರಲಿ. ಮನಸ್ಸು ಬೇರೆಡೆ ಹೋಯಿತು ಎಂದು ತಿಳಿದ ಕೂಡಲೇ ಆ ಸಾಲಿನ ಪಕ್ಕ ಒಂದು ಚುಕ್ಕೆ ಇಡಿ. ಮುಗಿದ ಮೇಲೆ ಪುಟ ಮುಚ್ಚಿ, ಲೇಖನ ಏನು ಹೇಳಿತು ಎಂದು ಮನೆಯವರಿಗೆ ಹೇಳಿ. ಚುಕ್ಕೆಗಳು ಎಲ್ಲಿ ದಟ್ಟವಾಗಿವೆ, ಹೇಳುವಾಗ ಎಲ್ಲಿ ತಡವರಿಸಿದಿರಿ, ಇವೆರಡೂ ಸಾಮಾನ್ಯವಾಗಿ ಒಂದೇ ಕಡೆ ಸಿಗುತ್ತವೆ.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ಜಾಗ ಇದೆ. ಐಫೋನಿನಲ್ಲಿ ಅದು ಸ್ಕ್ರೀನ್ ಟೈಮ್. ಎಷ್ಟು ಗಂಟೆ ನೋಡಿದಿರಿ ಎಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ಫೋನ್ ತೆರೆದಿರಿ ಎಂಬ ಲೆಕ್ಕವನ್ನು ಜಾಸ್ತಿ ಗಮನಿಸಿ. ಓದು ಕಡಿಯುವುದು ಅಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಬಹಳ ವರ್ಷಗಳಿಂದ ಜನರ ಗಮನವನ್ನು ಅಳೆಯುತ್ತಿದ್ದಾರೆ. 2004ರಲ್ಲಿ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು. ಇತ್ತೀಚಿನ ವರ್ಷಗಳ ಅಳತೆಯಲ್ಲಿ ಅದು 47 ಸೆಕೆಂಡಿನ ಆಸುಪಾಸಿಗೆ ಇಳಿದಿದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವಯಸ್ಸು ನಲವತ್ತು ದಾಟಿದ್ದು, ಸಣ್ಣ ಅಕ್ಷರ ಮಸುಕಾಗುತ್ತಿದ್ದರೆ ಮೊದಲು ಕಣ್ಣು ತೋರಿಸಿ. ಗಮನ ಹೋಯಿತು ಎಂದುಕೊಂಡವರಲ್ಲಿ ಕೆಲವರಿಗೆ ಬೇಕಾಗಿದ್ದು ಓದುವ ಕನ್ನಡಕ ಮಾತ್ರ.

ಹೆಜ್ಜೆ 2: ಫೋನನ್ನು ಬೇರೆ ಕೋಣೆಯಲ್ಲಿಡಿ

ಸೈಲೆಂಟ್ ಮಾಡಿದರೆ ಸಾಕು ಎನ್ನುವವರಿದ್ದಾರೆ. 2017ರಲ್ಲಿ ಏಡ್ರಿಯನ್ ವಾರ್ಡ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿದರು. ಸುಮಾರು 800 ಜನ. ಎಲ್ಲರ ಫೋನೂ ಸದ್ದು ಮಾಡದ ಹಾಗೆ ಇತ್ತು. ಕೆಲವರದ್ದು ಮೇಜಿನ ಮೇಲೆ ಕವುಚಿ ಬಿದ್ದಿತ್ತು, ಕೆಲವರದ್ದು ಜೇಬು ಅಥವಾ ಚೀಲದಲ್ಲಿತ್ತು, ಇನ್ನು ಕೆಲವರದ್ದು ಬೇರೆ ಕೋಣೆಯಲ್ಲಿತ್ತು. ತಲೆ ಓಡಿಸುವ ಪರೀಕ್ಷೆಗಳಲ್ಲಿ ಮೇಜಿನ ಮೇಲೆ ಫೋನ್ ಇದ್ದವರಿಗಿಂತ ಬೇರೆ ಕೋಣೆಯಲ್ಲಿಟ್ಟವರು ಚೆನ್ನಾಗಿ ಮಾಡಿದರು. ಆಮೇಲೆ ಬೇರೆಯವರು ನಡೆಸಿದ ಪ್ರಯೋಗಗಳಲ್ಲಿ ಎಲ್ಲ ಕಡೆ ಇಷ್ಟೇ ಸ್ಪಷ್ಟ ಫಲ ಬಂದಿಲ್ಲ. ಆದರೂ ನಾನು ಇದನ್ನೇ ಮೊದಲ ಬದಲಾವಣೆಯಾಗಿ ಹೇಳುತ್ತೇನೆ. ಖರ್ಚಿಲ್ಲ, ಆ್ಯಪ್ ಬೇಡ, ಇವತ್ತೇ ಮಾಡಬಹುದು.

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದಕ್ಕೆ ಜಾಗ ತಾನಾಗಿಯೇ ಇದೆ. ಸಿದ್ದಾಪುರ, ಯಲ್ಲಾಪುರದ ಕಡೆಯ ಹಳ್ಳಿಗಳಲ್ಲಿ ಮನೆಯ ಒಂದು ಕಿಟಕಿಗೋ ಜಗುಲಿಯ ಒಂದು ಮೂಲೆಗೋ ಮಾತ್ರ ಸಿಗ್ನಲ್ ಬರುತ್ತದೆ. ಫೋನ್ ಅಲ್ಲೇ ಇರಲಿ. ಹಳೆಯ ಲ್ಯಾಂಡ್‌ಲೈನಿನಂತೆ ರಿಂಗ್ ಜೋರಾಗಿಟ್ಟು, ಬಂದಾಗ ಎದ್ದು ಹೋಗಿ ಮಾತಾಡಿ. ಓದುವ ಜಾಗ ಮೆತ್ತಿನ (ಮಹಡಿಯ) ಮೇಲೋ ಒಳಕೋಣೆಯಲ್ಲೋ ಇರಲಿ.

"ಅಪ್ಪನಿಗೆ ಹುಷಾರಿಲ್ಲ, ಫೋನ್ ದೂರ ಇಡೋದು ಹೇಗೆ?" ಎನ್ನುವವರಿಗೆ ದಾರಿ ಇದೆ. ಡು ನಾಟ್ ಡಿಸ್ಟರ್ಬ್ ಹಾಕಿ. ಅದರಲ್ಲಿ ಆಯ್ದ ನಾಲ್ಕು ನಂಬರುಗಳಿಗೆ ಮಾತ್ರ ರಿಂಗ್ ಆಗಲು ಬಿಡಿ. ಒಂದೇ ನಂಬರಿನಿಂದ ಕೂಡಲೇ ಎರಡನೇ ಸಲ ಕರೆ ಬಂದರೆ ರಿಂಗ್ ಆಗುವ ಆಯ್ಕೆಯೂ ಅಲ್ಲೇ ಇದೆ. ಆಸ್ಪತ್ರೆ, ಬೋಟು, ವಿದ್ಯುತ್ ಲೈನು, ಇಂಥ ಕಡೆ ಕೆಲಸ ಮಾಡುವವರಿಗೆ ಇದು ಬಹಳ ಅನುಕೂಲ.

ಉಳಿದದ್ದು ಹತ್ತು ನಿಮಿಷದ ಕೆಲಸ. ಕುಟುಂಬದ, ಊರಿನ, ಸೊಸೈಟಿಯ ವಾಟ್ಸ್ಆ್ಯಪ್ ಗುಂಪುಗಳನ್ನು "ಯಾವಾಗಲೂ" ಎಂದು ಮ್ಯೂಟ್ ಮಾಡಿ. ಬ್ಯಾಂಕು, ಕರೆ, ನೇರ ಮೆಸೇಜು ಬಿಟ್ಟು ಉಳಿದೆಲ್ಲ ನೋಟಿಫಿಕೇಶನ್ ನಿಲ್ಲಿಸಿ. ಯೂಟ್ಯೂಬಿನಲ್ಲಿ ಆಟೋಪ್ಲೇ ಆರಿಸಿ. ಫೋನ್ ತುಂಬಾ ಎಳೆಯುತ್ತಿದೆ ಎನ್ನಿಸಿದರೆ ಪರದೆಯನ್ನು ಕಪ್ಪು ಬಿಳುಪು ಮಾಡಿ ನೋಡಿ.

ಹೆಜ್ಜೆ 3: ಯಾವುದು ಕಾಗದಕ್ಕೆ, ಯಾವುದು ಪರದೆಗೆ

2018ರಲ್ಲಿ ಸ್ಪೇನಿನ ಪ್ಯಾಬ್ಲೋ ಡೆಲ್ಗಾಡೋ ಮತ್ತು ಸಂಗಡಿಗರು 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಅವುಗಳಲ್ಲಿ ಪಾಲ್ಗೊಂಡವರು 1 ಲಕ್ಷ 70 ಸಾವಿರಕ್ಕೂ ಹೆಚ್ಚು. ಮಾಹಿತಿ ತುಂಬಿದ ಬರಹ ಕಾಗದದಲ್ಲಿ ಚೆನ್ನಾಗಿ ಅರ್ಥವಾಗುತ್ತದೆ, ಸಮಯದ ಒತ್ತಡ ಇದ್ದಾಗ ಈ ವ್ಯತ್ಯಾಸ ಇನ್ನೂ ದೊಡ್ಡದು ಎಂದು ಕಂಡುಬಂತು. ಬರೀ ಕಥೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಇದರಿಂದ ನಮ್ಮ ಕೆಲಸ ಹಗುರವಾಗುತ್ತದೆ. ಕಥೆ, ಹರಟೆ, ಸುದ್ದಿ ಫೋನಿನಲ್ಲೇ ಓದಿ. ಪರೀಕ್ಷೆಯ ಪಾಠ, ಸಾಲದ ಕರಾರು, ಜಮೀನಿನ ಕಾಗದ, ವೈದ್ಯಕೀಯ ವರದಿ, ಮನಸ್ಸಿಗೆ ಹಿಡಿಸಿದ ದೀರ್ಘ ಲೇಖನ, ಇವನ್ನು ಪ್ರಿಂಟ್ ತೆಗೆಸಿ. ಪೇಟೆಯ ಜೆರಾಕ್ಸ್ ಅಂಗಡಿಗೆ ಕೊಡುವ ದುಡ್ಡು ದಂಡವಲ್ಲ.

ಪರದೆಯಲ್ಲೇ ಓದಬೇಕಾಗಿ ಬಂದರೆ ಏರೋಪ್ಲೇನ್ ಮೋಡ್ ಹಾಕಿ. ಅಕ್ಷರ ದೊಡ್ಡದು ಮಾಡಿ. ಕೆಳಗೆ ಜಾರಿಸುತ್ತಾ ಹೋಗುವುದಕ್ಕಿಂತ ಪುಟ ಮಗುಚುವ ಆಯ್ಕೆ ಇದ್ದರೆ ಅದನ್ನೇ ಹಿಡಿಯಿರಿ. ಪುಟಕ್ಕೆ ಮೇಲು, ಕೆಳಗು, ಎಡ, ಬಲ ಇರುತ್ತವೆ. "ಆ ಮಾತು ಎಡಪುಟದ ಕೆಳಗಿತ್ತು" ಎಂದು ಮನಸ್ಸು ನೆನಪಿಟ್ಟುಕೊಳ್ಳುತ್ತದೆ. ಕನ್ನಡದ ಪಿಡಿಎಫ್‌ಗಳನ್ನು ಸಣ್ಣ ಫೋನಿನಲ್ಲಿ ಹಿಗ್ಗಿಸಿ, ಆಚೆ ಈಚೆ ಎಳೆದು ಓದುವುದಂತೂ ಶಿಕ್ಷೆ. ಸಾಲು ತಪ್ಪುತ್ತದೆ, ಅದರ ಹಿಂದೆ ಅರ್ಥವೂ ತಪ್ಪುತ್ತದೆ. ಅಂಥದ್ದನ್ನು ಕಂಪ್ಯೂಟರಿನಲ್ಲಿ ಓದಿ, ಇಲ್ಲವೇ ಅಕ್ಷರ ಹೊಂದಿಕೊಳ್ಳುವ ಇ-ಪುಸ್ತಕ ಹುಡುಕಿ.

ಹೆಜ್ಜೆ 4: ಹದಿನೈದು ನಿಮಿಷದಿಂದ ಶುರು ಮಾಡಿ, ಬೇಕಾದರೆ ಗಟ್ಟಿಯಾಗಿ ಓದಿ

ದಪ್ಪ ಕಾದಂಬರಿ ಹಿಡಿದು ಕೂರುವವರು ಮೂರನೇ ದಿನ ಬಿಟ್ಟುಬಿಡುತ್ತಾರೆ. ಹದಿನೈದು ನಿಮಿಷ ಸಾಕು. ಪುಟ ಎಣಿಸಬೇಡಿ. ಗೊತ್ತಿರುವ ವಿಷಯದಿಂದ ಶುರು ಮಾಡಿ. ಕೃಷಿಕರು ಕೃಷಿ ಪತ್ರಿಕೆ, ಯಕ್ಷಗಾನದ ಹುಚ್ಚಿನವರು ಪ್ರಸಂಗದ ಪುಸ್ತಕ ಅಥವಾ ಕಲಾವಿದರ ಜೀವನಕಥೆ. ತಿಳಿದ ನೆಲದಲ್ಲಿ ಗಮನ ಬೇಗ ಕೂರುತ್ತದೆ.

ಐದಾರು ನಿಮಿಷ ಕಳೆದಾಗ ಏನೋ ನೋಡಬೇಕು, ಯಾರಿಗೋ ಉತ್ತರ ಕೊಡಬೇಕು ಎಂಬ ತುರಿಕೆ ಏಳುತ್ತದೆ. ಅದು ಬಂದೇ ಬರುತ್ತದೆ. ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ನೆನಪಾದ ಕೆಲಸವನ್ನು ಅದರಲ್ಲಿ ಗೀಚಿ, ಮತ್ತೆ ಸಾಲಿಗೆ ಬನ್ನಿ. ಎದ್ದು ಹೋಗದೆ ಕೂತರೆ ಸ್ವಲ್ಪ ಹೊತ್ತಿನಲ್ಲಿ ಅದು ಇಳಿಯುತ್ತದೆ. ಒಂದು ವಾರ ಸರಿಯಾಗಿ ಕೂತರೆ ಐದು ನಿಮಿಷ ಹೆಚ್ಚಿಸಿ.

ಕಾಲವೂ ನಮಗೆ ಒದಗಿಬರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ, ಅದರ ಹಿಂದೆ ಟವರೂ ಹೋದರೆ ಎಷ್ಟೋ ಊರುಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಲೆ ಸರಿಮಾಡುವ ಕೆಲಸದ ನಡುವೆಯೂ ಆ 61 ದಿನ ಒಂದಿಷ್ಟು ಬಿಡುವು ಸಿಗುತ್ತದೆ. ಓದು ಶುರು ಮಾಡಲು ಇದಕ್ಕಿಂತ ಒಳ್ಳೆಯ ಹಂಗಾಮು ಇಲ್ಲ.

ಇನ್ನೊಂದು ತೊಡಕಿನ ಬಗ್ಗೆ ಕನ್ನಡದಲ್ಲಿ ನಾವು ಸಾಕಷ್ಟು ಮಾತಾಡುತ್ತಿಲ್ಲ. ನಮ್ಮಲ್ಲಿ ಬಹಳ ಜನ ದಿನವೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ, ಇಲ್ಲವೇ ವಾಯ್ಸ್ ಮೆಸೇಜು ಕಳಿಸುತ್ತಾರೆ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಕನ್ನಡ ಎಂದರೆ ಒಂದು ವಿಷಯದ ಪಠ್ಯಪುಸ್ತಕ ಮಾತ್ರ. ಹೀಗಾಗಿ ಮನೆಮಾತು ಕನ್ನಡವೇ ಆದರೂ ಕನ್ನಡ ಅಕ್ಷರ ಓದುವ ವೇಗ ಕಡಿಮೆ. ಒತ್ತಕ್ಷರ, ಉದ್ದದ ಸಂಧಿ ಪದ ಬಂದಲ್ಲಿ ಕಣ್ಣು ತಡೆಯುತ್ತದೆ. ಅಕ್ಷರ ಬಿಡಿಸುವುದಕ್ಕೇ ತಲೆಯ ಶಕ್ತಿ ಖರ್ಚಾದರೆ ಅರ್ಥಕ್ಕೆ ಉಳಿಯುವುದು ಕಮ್ಮಿ. ಅಂಥವರು "ನಂಗೆ ಕನ್ನಡ ಪುಸ್ತಕ ಬೋರು" ಎನ್ನುತ್ತಾರೆ. ಬೇಸರ ಪುಸ್ತಕದ್ದಲ್ಲ, ವೇಗದ್ದು.

ಇದಕ್ಕೆ ಮದ್ದು ಗಟ್ಟಿಯಾಗಿ ಓದುವುದು. ದಿನಕ್ಕೆ ಒಂದೇ ಪುಟ. ಅದೇ ಪುಟವನ್ನು ಮಾರನೇ ದಿನ ಮತ್ತೊಮ್ಮೆ ಓದಿ, ಆಮೇಲೆ ಮುಂದೆ ಹೋಗಿ. ಬಾಯಿ ಓಡುವಾಗ ಕಣ್ಣಿಗೆ ಸಾಲು ಹಾರಿಸಲು ಆಗುವುದಿಲ್ಲ. ಕೆಲವು ವಾರಗಳಲ್ಲಿ ತಡವರಿಕೆ ಕಡಿಮೆಯಾಗುತ್ತದೆ, ಆಮೇಲೆ ಮೌನವಾಗಿ ಓದಿದರೂ ಸರಾಗ. ದೊಡ್ಡವರು ಇದಕ್ಕೆ ನಾಚಬೇಕಾಗಿಲ್ಲ. ಕಣ್ಣು ಮಂಜಾದ ಅಜ್ಜನಿಗೋ ಅಮ್ಮನಿಗೋ ಪೇಪರ್ ಓದಿ ಹೇಳಿ. ಇಬ್ಬರಿಗೂ ಲಾಭ.

ಪುಸ್ತಕಕ್ಕೆ ದೂರ ಹೋಗಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ಒಮ್ಮೆ ಹೋಗಿ ಕಪಾಟು ನೋಡಿ.

ಹೆಜ್ಜೆ 5: ಪುಸ್ತಕ ಮುಚ್ಚಿ, ಹೇಳಿ ನೋಡಿ

ಒಂದನ್ನೇ ಮಾಡುತ್ತೇನೆ ಎನ್ನುವವರಿಗೆ ನಾನು ಸೂಚಿಸುವುದು ಈ ಹೆಜ್ಜೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಗಳನ್ನು ಕೊಟ್ಟರು. ಕೆಲವರು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಹಾಳೆ ಬದಿಗಿಟ್ಟು, ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಚೆನ್ನಾಗಿ ಮುಂದಿದ್ದರು. ಪುಟ ಕಣ್ಣೆದುರಿಗೇ ಇದ್ದರೆ "ಗೊತ್ತು" ಎನ್ನಿಸಿಬಿಡುತ್ತದೆ. ಹಾಗೆ ಅನ್ನಿಸುವುದು ಬೇರೆ, ನಿಜವಾಗಿ ಗೊತ್ತಿರುವುದು ಬೇರೆ.

ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. ಯಕ್ಷಗಾನದ ತಾಳಮದ್ದಳೆ ನೆನೆಸಿಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಅದರ ಅರ್ಥ ಬಿಡಿಸುತ್ತಾರೆ. ಎದುರಿನವರು ಹಾಕುವ ಪ್ರಶ್ನೆಗೆ ಅಲ್ಲೇ ಉತ್ತರ ಹುಟ್ಟಬೇಕು. ಬರೆದು ತಂದ ಚೀಟಿ ಅಲ್ಲಿ ನಡೆಯುವುದಿಲ್ಲ. ಓದಿದ್ದು ಮೈಗೂಡಿದ್ದರೆ ಮಾತ್ರ ಮಾತಾಗಿ ಬರುತ್ತದೆ. ನೀವು ಓದಿದ ಲೇಖನಕ್ಕೆ ನೀವೇ ಅರ್ಥಧಾರಿ ಎಂದುಕೊಳ್ಳಿ. ಲೇಖಕರ ವಾದವನ್ನು ನಿಮ್ಮ ಮಾತಿನಲ್ಲಿ ಹೇಳಿ. ಮನೆಯವರು ಅಡ್ಡಪ್ರಶ್ನೆ ಹಾಕಲಿ. ಉತ್ತರ ಸಿಗದ ಜಾಗಕ್ಕೆ ಮಾತ್ರ ಮರಳಿ ಹೋಗಿ ಓದಿ.

ಕೇಳುವವರು ಯಾರೂ ಇಲ್ಲದಿದ್ದರೆ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ: ಏನು ಹೇಳಿದ್ದಾರೆ, ಯಾಕೆ ಹಾಗೆ ಹೇಳುತ್ತಾರೆ, ನನಗೆ ಒಪ್ಪಿಗೆಯೇ. ಕೈಯಲ್ಲಿ ಬರೆಯಿರಿ. ಕೈ ನಿಧಾನ, ಎಲ್ಲವನ್ನೂ ಬರೆಯಲಾಗದು, ಹಾಗಾಗಿ ಯಾವುದು ಮುಖ್ಯ ಎಂದು ಆರಿಸಲೇಬೇಕಾಗುತ್ತದೆ. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳುವುದರಲ್ಲಿ ಈ ಆರಿಸುವ ಕೆಲಸವೇ ನಡೆಯುವುದಿಲ್ಲ.

ಅಂಕೋಲಾ ತಾಲೂಕಿನ ಹಾಲಕ್ಕಿ ಸಮುದಾಯದ ಇಬ್ಬರು ಹಿರಿಯರನ್ನು ಇಲ್ಲಿ ನೆನೆಯಬೇಕು. ಸುಕ್ರಜ್ಜಿ, ಅಂದರೆ 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ತಮ್ಮ ಜನಾಂಗದ ಹಾಡುಗಳ ದೊಡ್ಡ ರಾಶಿಯನ್ನೇ ಬಾಯಲ್ಲಿ ಉಳಿಸಿಕೊಂಡಿದ್ದರು. 2020ರ ಸಾಲಿನ ಪದ್ಮಶ್ರೀ ಪಡೆದ ತುಳಸಿ ಗೌಡರಿಗೆ ಕಾಡಿನ ಗಿಡಮರಗಳ ಗುಣ, ಬೀಜ ಆರಿಸುವ ಕಾಲ, ತಾಯಿಮರದ ಗುರುತು, ಎಲ್ಲ ನೆನಪಿನಲ್ಲೇ ಇತ್ತು. ಇಬ್ಬರೂ ಶಾಲೆ ಓದಿದವರಲ್ಲ. ಹಾಡನ್ನು ದಿನವೂ ಹಾಡಿದರು, ಸಸಿಯನ್ನು ದಿನವೂ ಮುಟ್ಟಿದರು. ಬಳಸಿದ್ದು ಉಳಿಯಿತು.

ಹೆಜ್ಜೆ 6: ಹುಡುಕುವ ಮೊದಲು ಊಹಿಸಿ

2011ರಲ್ಲಿ ಬೆಟ್ಸಿ ಸ್ಪ್ಯಾರೋ ಮತ್ತು ಜೊತೆಗಾರರ ಪ್ರಯೋಗವೊಂದು ಬಂತು. ಜನರಿಗೆ ಚಿಕ್ಕಪುಟ್ಟ ಸಂಗತಿಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಹೇಳಿದರು. "ಇದು ಸೇವ್ ಆಗಿರುತ್ತದೆ" ಎಂದು ನಂಬಿದವರಿಗೆ ಅವು ಕಡಿಮೆ ನೆನಪಿದ್ದವು. ಸಂಗತಿಗಿಂತ ಅದು ಯಾವ ಫೋಲ್ಡರಿನಲ್ಲಿದೆ ಎಂಬುದೇ ಹೆಚ್ಚು ನೆನಪಿತ್ತು.

ಹೊರೆ ಇಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಫೋನ್ ನಂಬರು, ಕರೆಂಟ್ ಬಿಲ್ಲಿನ ತಾರೀಕು ಫೋನಿನಲ್ಲೇ ಇರಲಿ. ಆದರೆ ಯೋಚಿಸಲು ಬೇಕಾಗುವ ಸಾಮಾನು ತಲೆಯಲ್ಲೇ ಇರಬೇಕು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವನ್ನೇ ನೋಡಿ. 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಈ ಲೆಕ್ಕವನ್ನು ಪ್ರತಿವರ್ಷ ವಿಡಿಯೋ ನೋಡಿ ಮಾಡುವವರಿದ್ದಾರೆ. ಕಬ್ಬಿಣದ ಕತ್ತಿ ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂಬುದು, ಅದರ ಕಾರಣ, ಇವು ತಲೆಯಲ್ಲಿದ್ದವರಿಗೆ ಸುಣ್ಣ ಹಳತಾಗಿದೆ ಎಂದು ತೋಟದಲ್ಲೇ ಗೊತ್ತಾಗುತ್ತದೆ. ವಿಡಿಯೋಗೆ ಆ ದಿನದ ಸುಣ್ಣ ಕಾಣುವುದಿಲ್ಲ.

ರೂಢಿ ಹೀಗಿರಲಿ: ಪ್ರಶ್ನೆ ಬಂದಾಗ ಒಂದು ನಿಮಿಷ ತಡೆಯಿರಿ. ಉತ್ತರ ಊಹಿಸಿ, ಹೇಳಿ ಅಥವಾ ಬರೆಯಿರಿ. ಆಮೇಲೆ ಹುಡುಕಿ. ಊಹೆ ತಪ್ಪಾದರೂ ಆಗ ಸಿಕ್ಕ ಉತ್ತರ ಚೆನ್ನಾಗಿ ನಿಲ್ಲುತ್ತದೆ.

ದಾರಿಯ ವಿಷಯದಲ್ಲೂ ಇದೇ. 2020ರಲ್ಲಿ ಕೆನಡಾದ ಲೂಯಿಸಾ ದಹಮಾನಿ ಮತ್ತು ವೆರೋನಿಕ್ ಬೊಬೊ ಪ್ರಕಟಿಸಿದ ಅಧ್ಯಯನದಲ್ಲಿ, ಜಿಪಿಎಸ್ ಜಾಸ್ತಿ ಬಳಸಿದವರಿಗೆ ತಾವೇ ದಾರಿ ಹುಡುಕಬೇಕಾದಾಗ ಜಾಗದ ನೆನಪು ಕಡಿಮೆ ಇರುವುದು ಕಂಡಿತು. ದೇವಿಮನೆ ಘಟ್ಟ, ಅರಬೈಲ್ ಘಟ್ಟದಂಥ ಕಡೆ ನೆಟ್‌ವರ್ಕ್ ಕೈಕೊಟ್ಟರೆ ಮ್ಯಾಪೂ ಕೈಕೊಡಬಹುದು. ಹೊರಡುವ ಮೊದಲು ಹಾಳೆಯ ಮೇಲೆ ದಾರಿ ಬಿಡಿಸಿಕೊಳ್ಳಿ: ಯಾವ ಊರು ಮೊದಲು, ಎಲ್ಲಿ ತಿರುವು, ಯಾವ ಹೊಳೆ ಎಡಕ್ಕೆ. ಫೋನಿನ ಮ್ಯಾಪ್ ಅನುಮಾನ ಬಂದಾಗ ಮಾತ್ರ ತೆರೆಯಿರಿ.

ಚಾಟ್‌ಜಿಪಿಟಿಯಂಥವುಗಳ ಬಗ್ಗೆ ಹೆತ್ತವರು ಜಾಸ್ತಿ ಕೇಳುತ್ತಾರೆ. 2025ರಲ್ಲಿ ಎಂಐಟಿ ಮೀಡಿಯಾ ಲ್ಯಾಬ್‌ನವರು 54 ಜನರಿಂದ ಪ್ರಬಂಧ ಬರೆಸಿದರು. ಎಐ ನೆರವಿನಿಂದ ಬರೆದವರಲ್ಲಿ ಹೆಚ್ಚಿನವರಿಗೆ, ತಾವೇ ಈಗಷ್ಟೇ ಬರೆದ ಪ್ರಬಂಧದ ಒಂದು ವಾಕ್ಯವನ್ನು ನೆನಪಿನಿಂದ ಹೇಳುವುದು ಕಷ್ಟವಾಯಿತು. ಇದು ಚಿಕ್ಕ ಅಧ್ಯಯನ, ದೊಡ್ಡ ತೀರ್ಮಾನಕ್ಕೆ ಸಾಲದು. ಆದರೂ ನನ್ನ ಸಲಹೆ ಖಚಿತ: ಮೊದಲ ಕರಡು ಮಕ್ಕಳದ್ದೇ ಆಗಿರಲಿ, ಎಷ್ಟು ಒರಟಾಗಿದ್ದರೂ ಸರಿ. ಆಮೇಲೆ ಎಐಗೆ "ಇದರಲ್ಲಿ ಏನು ಬಿಟ್ಟುಹೋಗಿದೆ?" ಎಂದು ಕೇಳಲಿ. "ಬರೆದು ಕೊಡು" ಎಂದು ಕೇಳಿದರೆ ಯೋಚನೆ ಅಲ್ಲಿಗೇ ನಿಲ್ಲುತ್ತದೆ.

ಹೆಜ್ಜೆ 7: ಫಾರ್ವರ್ಡ್‌ಗಳನ್ನು ಆಳವಾಗಿ ಓದಬೇಡಿ

ಎಲ್ಲ ಬರಹಕ್ಕೂ ಗಮನ ಕೊಡುವುದು ದಂಡ. 2017ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಇತಿಹಾಸಕಾರರು, ವಿದ್ಯಾರ್ಥಿಗಳು, ಸತ್ಯಶೋಧಕರು (ಸುದ್ದಿ ನಿಜವೇ ಎಂದು ಪರೀಕ್ಷಿಸುವ ಕೆಲಸದವರು) ಒಂದೇ ವೆಬ್‌ಸೈಟನ್ನು ಹೇಗೆ ಓದುತ್ತಾರೆ ಎಂದು ಹೋಲಿಸಿದರು. ಗೆದ್ದವರು ಸತ್ಯಶೋಧಕರು. ಅವರು ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ಬೇರೆ ಟ್ಯಾಬ್ ತೆರೆದು, ಇದನ್ನು ಬರೆದವರು ಯಾರು ಎಂದು ಮೊದಲು ನೋಡಿದರು.

ಜೋರು ಮಳೆಯ ದಿನ "ಘಟ್ಟ ಕುಸಿದಿದೆ, ರಸ್ತೆ ಬಂದ್" ಎಂಬ ವಿಡಿಯೋ ಬಂದರೆ ಇದನ್ನೇ ಮಾಡಿ. ತಾರೀಕು ಇದೆಯೇ, ಜಾಗದ ಹೆಸರು ಇದೆಯೇ, ಮೊದಲು ಹಾಕಿದವರು ಯಾರು? ವಿಡಿಯೋದ ಒಂದು ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಹಳೆಯದಾಗಿದ್ದರೆ ಹಲವು ಸಲ ಸಿಕ್ಕಿಬೀಳುತ್ತದೆ. ಜಿಲ್ಲಾಡಳಿತದ ಪ್ರಕಟಣೆ ನೋಡಿ, ಆ ಊರಿನಲ್ಲಿರುವವರಿಗೆ ಒಂದು ಕರೆ ಮಾಡಿ. ಅಲ್ಲಿಯವರೆಗೆ ಮುಂದಕ್ಕೆ ಕಳಿಸಬೇಡಿ.

ಹೆಜ್ಜೆ 8: ಒಟ್ಟಿಗೆ ಓದಿ

ಒಬ್ಬರೇ ಶುರು ಮಾಡಿದ ಅಭ್ಯಾಸ ಮದುವೆ, ಅಡಿಕೆಯ ಕೊನೆಕೊಯ್ಲು, ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ಬಿಟ್ಟುಹೋಗುತ್ತದೆ. ಬಿಟ್ಟರೆ ಬಿಡಲಿ, ಮತ್ತೆ ಹದಿನೈದು ನಿಮಿಷದಿಂದ ಶುರು ಮಾಡಿ. ಜೊತೆಗೆ ಜನ ಇದ್ದರೆ ಮರಳುವುದು ಸುಲಭ.

ಭಾನುವಾರ ಸಂಜೆ ಐದಾರು ಜನ ಒಂದು ಮನೆಯ ಜಗುಲಿಯಲ್ಲೋ ಅರಿವು ಕೇಂದ್ರದಲ್ಲೋ ಸೇರಿ. ಮಕ್ಕಳೂ ಬರಲಿ. ದೊಡ್ಡವರು ಫೋನ್ ಕೆಳಗಿಡದೆ ಮಕ್ಕಳಿಗೆ ಓದು ಎಂದರೆ ಅವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಎಲ್ಲರ ಫೋನೂ ಒಂದು ಬುಟ್ಟಿಯಲ್ಲಿ, ಪಕ್ಕದ ಕೋಣೆಯಲ್ಲಿ. ಎಂಟು ಪುಟ ಮೀರದ ಬರಹ ಆರಿಸಿ, ಎಲ್ಲರಿಗೂ ಪ್ರತಿ ಮಾಡಿಸಿ. ಒಬ್ಬೊಬ್ಬರು ಒಂದು ಪುಟ ಗಟ್ಟಿಯಾಗಿ ಓದಲಿ. ಪ್ರತಿ ಪುಟದ ಕೊನೆಗೆ ನಿಲ್ಲಿಸಿ, ಓದದೆ ಕೇಳಿದವರಲ್ಲಿ ಒಬ್ಬರು ಅದರ ಸಾರ ಹೇಳಲಿ, ಮತ್ತೊಬ್ಬರು ಪ್ರಶ್ನೆ ಹಾಕಲಿ. ಅರ್ಥವಾಗದ ಪದ ಬಂದರೆ ಮೊದಲು ಎಲ್ಲರೂ ಊಹಿಸಿ, ಆಮೇಲೆ ನಿಘಂಟು ತೆರೆಯಿರಿ. ಒಂದು ಗಂಟೆ ಸಾಕು. ಚಹಾ, ಕವಳ (ಎಲೆಅಡಿಕೆ) ಆಮೇಲೆ. ಮುಂದಿನ ವಾರದ ಬರಹವನ್ನು ಆರಿಸುವ ಕೆಲಸ ಗುಂಪಿನ ಅತಿ ಚಿಕ್ಕವರಿಗೆ ಕೊಡಿ.